ಪೊರೆ ತೆಗೆಸಿದ ಕಣ್ಣಿನ ಉರಿಯೂತ



ಜಂಗಮಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ಕಣ್ಣಿನ ಪೊರೆಯನ್ನು ತೆಗೆಸಿಕೊಂಡ ವೃದ್ಧರು ಅನೇಕರಿದ್ದಾರೆ. ಮಸಕಾದ ಮಸೂರವನ್ನು ತೆಗೆದು ಕೃತ್ರಿಮ ಮಸೂರವನ್ನಿಟ್ಟು, ಅದೇ ದಿನ ಇಲ್ಲವೆ ಮರುದಿನ ವೈದ್ಯರು ಅವರನ್ನು ಮನೆಗೆ ಕಳುಹಿಸುವರು. ಮರುದಿನದ ಪರೀಕ್ಷೆಯಾದ ಮೇಲೆ ಮುಂದಿನದಕ್ಕೆ ಅನೇಕ ವೇಳೆ ಒಂದು ವಾರ ಕಾಯಬೇಕು. ಅಪಾಯಕರವಾದ ಸೋಂಕು ಹೆಚ್ಚಾಗಿ ತಲೆದೋರುವದು ಆ ವಾರದೊಳಗೇ. ಆದಕಾರಣ ಇದು ಮನೆಯವರು ಕಲಿಯತಕ್ಕ ಪಾಠ.

ಶಸ್ತ್ರ ತಾಗಿದ ಕಣ್ಣು ತುಸು ಕೆಂಪಾಗುವದೂ, ನೀರು ಸುರಿಸುವದೂ, ಮರಳು ಬಿದ್ದಂತೆ ಚುಚ್ಚುವದೂ ಸಹಜವೇ. ಒಳಗೆ ಹುಟ್ಟುವ ಈ ಸಾಧಾರಣ ಉರಿಯೂತವನ್ನು ಅಡಗಿಸುವದಕ್ಕೋಸ್ಕರ ಸ್ಟೀರಾಯ್ಡ್ ತೊಟ್ಟುಮದ್ದನ್ನು ಕೊಡುತ್ತಾರೆ. ಮೊದಲು ದಿನಕ್ಕೆ ಹಲವು ಸಾರಿ, ಆ ಮೇಲೆ ಕಡಿಮೆಮಾಡುತ್ತಾ, ಸಾಮಾನ್ಯವಾಗಿ 4ರಿಂದ 6 ವಾರ ಹಾಕಬೇಕು. "ಚೆನ್ನಾಗಿ ಕಾಣುತ್ತದಲ್ಲಾ, ಇನ್ನೇಕೆ ಮದ್ದು?" ಎಂದು ನಡುವೆ ಬಿಟ್ಟವರಿಗೆ ಉರಿಯೂತವು ಮರುಕಳಿಸುವದುಂಟು. ವೈದ್ಯರ ಮಾತಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು.

ಸೋಂಕಿನ ರೀತಿಯೇ ಬೇರೆ. ನೋವು ದಿನದಿನಕ್ಕೆ ಇಳಿಯುವ ಬದಲು ಏರುವದು, ರೆಪ್ಪೆ ಊದುವದು, ನಿನ್ನೆ ಎಣಿಸಿದ ಬೆರಳುಗಳನ್ನು ಇಂದು ಎಣಿಸಲಾಗದು. ಕೆಲವರಿಗೆ ನೋವಿಲ್ಲದೆ ದೃಷ್ಟಿ ಮಾತ್ರ ಕುಂದುವದು. ಆದ್ದರಿಂದ ಪ್ರತಿ ಬೆಳಿಗ್ಗೆ ಇನ್ನೊಂದು ಕಣ್ಣನ್ನು ಮುಚ್ಚಿಸಿ ಬೆರಳು ಎಣಿಸಿಸಿರಿ. ಸೋಂಕಾದರೆ ಹೊರಗಿನ ತೊಟ್ಟುಮದ್ದು ಸಾಲದು. ವೈದ್ಯರು ಒಳಗಿನ ದ್ರವವನ್ನು ತೆಗೆದು ಪರೀಕ್ಷೆಗೆ ಕಳುಹಿಸಿ, ಆಂಟಿಬಯೋಟಿಕ್ ಔಷಧವನ್ನು ಸೂಜಿಯಿಂದ ಕಣ್ಣಿನೊಳಕ್ಕೇ ಸೇರಿಸುವರು. ಬಹಳ ಕೆಟ್ಟಿದ್ದರೆ ಒಳಗಿನ ಲೋಳೆಯನ್ನೂ ತೆಗೆಯುವರು. ಇದರಲ್ಲಿ ಗಂಟೆಗಳಿಗೂ ಬೆಲೆಯುಂಟು.

ಕ್ರಿಮಿಯಿಲ್ಲದೆ, ಒಳಗೆ ಸೇರಿದ ಯಾವುದೋ ದ್ರವ್ಯದಿಂದ ಮೊದಲ ದಿನವೇ ತೀವ್ರ ಉರಿಯೂತ ಬರುವದೂ ಉಂಟು. ಅದಕ್ಕೆ ಸ್ಟೀರಾಯ್ಡ್ ಸಾಕಾಗಬಹುದು. ಆದರೆ ಇದು ಯಾವದೆಂದು ಮನೆಯಲ್ಲಿ ನಿರ್ಣಯಿಸಲಾಗದು.

ಸೋಂಕು ದೊಡ್ಡ ಆಸ್ಪತ್ರೆಗಳಿಗೂ ಹೊರತಲ್ಲ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ 2019ನೇ ಜುಲೈ 9ರಂದು ಪೊರೆ ತೆಗೆಸಿಕೊಂಡವರಲ್ಲಿ ಹಲವರು ಸೋಂಕಿನಿಂದ ದೃಷ್ಟಿಯನ್ನು ಕಳಕೊಂಡರು. ಶಸ್ತ್ರಕ್ರಿಯೆಗೆ ಬಳಸಿದ ಔಷಧದಲ್ಲಿ ಸ್ಯೂಡೋಮೊನಾಸ್ ಎಂಬ ಕ್ರಿಮಿಯಿತ್ತೆಂದು ಆಸ್ಪತ್ರೆಯವರು ತಿಳಿಸಿದರು. ಇಂಥದು ವಿರಳ, ಇದನ್ನು ಕೇಳಿ ಪೊರೆ ತೆಗೆಸದೆ ಕುರುಡರಾಗಿ ಕೂತುಕೊಳ್ಳುವದು ವಿವೇಕವಲ್ಲ.

ನಮ್ಮ ಸೀಮೆಯಲ್ಲಿ ರೇಷ್ಮೆಯ ಕೆಲಸ ಹೆಚ್ಚು. ಹುಳುಮನೆಯ ಸುಣ್ಣದ ಪುಡಿ, ಗೂಡು ಬೇಯಿಸುವ ಆವಿ, ಒಲೆಯ ಹೊಗೆ, ಇವುಗಳಿಂದ ಆ ಕಣ್ಣನ್ನು ವೈದ್ಯರು ಹೇಳುವ ತನಕ ದೂರವಿಡಿರಿ. ನಂದಿಬಟ್ಟಲ ಹೂವಿನ ರಸ, ಹರಳೆಣ್ಣೆ, ಎದೆಹಾಲು ಇವುಗಳನ್ನು ಪ್ರೀತಿಯಿಂದಲೇ ಹಾಕುತ್ತಾರೆ. ಹಸಿಗಾಯದೊಳಕ್ಕೆ ಕ್ರಿಮಿ ಹೋಗುವ ಹಾದಿ ಅದೇ. ಮದ್ದು ಹಾಕುವವರು ಸೋಪಿನಿಂದ ಕೈ ತೊಳೆದು, ಸೀಸೆಯ ತುದಿಯನ್ನು ರೆಪ್ಪೆಗೆ ಸೋಕಿಸಬಾರದು. ಸಕ್ಕರೆ ಕಾಯಿಲೆಯವರಿಗೆ ಸೋಂಕಿನ ಭಯ ಹೆಚ್ಚು.

ನೋವು ಏರಿದರೆ ಇಲ್ಲವೆ ದೃಷ್ಟಿ ಇಳಿದರೆ, ಸಂತೆಯ ದಿನವಾಗಲಿ ಆದಿತ್ಯವಾರವಾಗಲಿ, ಚೀಟಿಯಲ್ಲಿ ಬರೆದ ತಾರೀಕಿಗೆ ಕಾಯದೆ, ಆ ಚೀಟಿಯನ್ನೂ ಮದ್ದಿನ ಸೀಸೆಗಳನ್ನೂ ಕೈಯಲ್ಲಿ ಹಿಡಿದು, ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೆ ಅಂದೇ ಹೊರಡಿರಿ.