ಬಾರ್‌ಕೋಡ್ ಸ್ಕ್ಯಾನರ್: ಓದಿದ್ದನ್ನು ಕಳುಹಿಸುವ ಕ್ರಮ

ದಾಸ್ತಾನಿನ ಲೆಕ್ಕ ತಾಳೆಯಾಗದಿದ್ದಾಗ ಸ್ಕ್ಯಾನರ್ ತಪ್ಪಾಗಿ ಓದಿತೆಂದು ದೂರುವುದು ವಾಡಿಕೆ. ಆದರೆ ಹಲವು ಸಂದರ್ಭಗಳಲ್ಲಿ ಯಂತ್ರವು ಸರಿಯಾಗಿಯೇ ಓದಿರುತ್ತದೆ. ಓದಿದ್ದನ್ನು ಗಣಕಯಂತ್ರಕ್ಕೆ ಯಾವ ರೂಪದಲ್ಲಿ ಕಳುಹಿಸಬೇಕೆಂಬ ಹೊಂದಾಣಿಕೆಯಲ್ಲಿ ದೋಷವಿರುತ್ತದೆ. ವರ್ತಕರೂ ಸಣ್ಣ ತಯಾರಕರೂ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಹಿತಕರ.

1. ಕೊನೆಯ ಕೀಲಿ: ಯು.ಎಸ್.ಬಿ. ತಂತಿಯಿಂದ ಜೋಡಿಸಿದ ಸಾಮಾನ್ಯ ಸ್ಕ್ಯಾನರನ್ನು ಗಣಕಯಂತ್ರವು ಕೀಲಿಮಣೆಯೆಂದೇ ಭಾವಿಸುತ್ತದೆ. ಕರ್ಸರ್ ಇರುವಲ್ಲಿ ಅಂಕಿಗಳು ಮೂಡುತ್ತವೆ. ಅವುಗಳ ಹಿಂದೆಯೇ ಕಳುಹಿಸುವ ಕೀಲಿಗೆ ಸಫಿಕ್ಸ್ ಎಂದು ಹೆಸರು. 'ಎಂಟರ್' ಇದ್ದರೆ ನಮೂದು ಮುಗಿದು ಮುಂದಿನ ಸಾಲಿಗೂ, 'ಟ್ಯಾಬ್' ಇದ್ದರೆ ಮುಂದಿನ ಅಂಕಣಕ್ಕೂ ಕರ್ಸರ್ ಸಾಗುತ್ತದೆ. ಎರಡೂ ಇಲ್ಲದಿದ್ದರೆ ಎರಡು ಸರಕುಗಳ ಸಂಖ್ಯೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

2. ಆರಂಭದ ಸೊನ್ನೆ: ನಮ್ಮಲ್ಲಿ ಬಳಕೆಯಲ್ಲಿರುವ ಇಎಎನ್-13 ಸಂಕೇತದಲ್ಲಿ 13 ಅಂಕಿಗಳಿದ್ದು, ಕೊನೆಯದು ತಪಾಸಣಾ ಅಂಕಿ. ಅಮೆರಿಕದ ಸರಕುಗಳಲ್ಲಿ ಕಾಣುವ ಯುಪಿಸಿ-ಎ ಸಂಕೇತದಲ್ಲಿ 12 ಅಂಕಿಗಳು. ಮುಂದೆ ಒಂದು ಸೊನ್ನೆ ಸೇರಿಸಿದರೆ ಅದು 13 ಅಂಕಿಗಳ ರೂಪ ಪಡೆಯುತ್ತದೆ. ಒಂದೇ ಸರಕನ್ನು ಗೋದಾಮಿನ ಸ್ಕ್ಯಾನರ್ 0012345678905 ಎಂದೂ, ಮಾರಾಟದ ಕೌಂಟರಿನದು 012345678905 ಎಂದೂ ಕಳುಹಿಸಿದರೆ ತಂತ್ರಾಂಶವು ಅವನ್ನು ಬೇರೆ ಬೇರೆ ಸರಕುಗಳೆಂದು ಎಣಿಸಬಹುದು. ಆಗ ಆವಕ ಒಂದು ಸಂಖ್ಯೆಯಲ್ಲಿ ಜಮೆಯಾಗಿ, ಮಾರಾಟ ಇನ್ನೊಂದರಲ್ಲಿ ಖರ್ಚಾಗುತ್ತದೆ. ಗೋದಾಮಿನಲ್ಲಿರುವ ಮಾಲಿಗೇ ಮತ್ತೆ ಆರ್ಡರ್ ಹೋಗಿ, ಬಂಡವಾಳ ಸಿಕ್ಕಿಬೀಳುತ್ತದೆ. ತಪಾಸಣಾ ಅಂಕಿಯನ್ನು ಒಂದು ಸ್ಕ್ಯಾನರ್ ಕಳುಹಿಸಿ, ಇನ್ನೊಂದು ಕೈಬಿಟ್ಟರೂ ಇದೇ ಪರಿಣಾಮ.

3. ಎಕ್ಸೆಲ್ ಹಾಳೆ: ಅಂಕಣವನ್ನು ಮೊದಲೇ 'ಟೆಕ್ಸ್ಟ್' ಎಂದು ನಿಗದಿಪಡಿಸದಿದ್ದರೆ ಎಕ್ಸೆಲ್ ಆರಂಭದ ಸೊನ್ನೆಗಳನ್ನು ಅಳಿಸಿಬಿಡುತ್ತದೆ. ಇದಕ್ಕೆ ಸ್ಕ್ಯಾನರ್ ಹೊಣೆಯಲ್ಲ.

4. ಪೆಟ್ಟಿಗೆಯ ಚೀಟಿ: ಜಿಎಸ್1-128 ಸಂಕೇತದಲ್ಲಿ ಸರಕಿನ ಸಂಖ್ಯೆಯ ಜೊತೆಗೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನೂ ಅಡಕಗೊಳಿಸಬಹುದು. ಬ್ಯಾಚ್ ಸಂಖ್ಯೆಯ ಉದ್ದ ನಿಶ್ಚಿತವಲ್ಲ. ಅದರ ನಂತರ ಬೇರೆ ವಿವರವಿದ್ದರೆ ನಡುವೆ ವಿಭಜಕ ಚಿಹ್ನೆಯಿರುತ್ತದೆ. ಅದನ್ನು ಸ್ಕ್ಯಾನರ್ ಕಳುಹಿಸದಿದ್ದರೆ ಬ್ಯಾಚ್ ಎಲ್ಲಿ ಮುಗಿಯಿತೆಂಬುದು ತಂತ್ರಾಂಶಕ್ಕೆ ತಿಳಿಯದು.

ಹೊಂದಿಸುವ ವಿಧಾನ: ಬಹುತೇಕ ಸ್ಕ್ಯಾನರುಗಳ ಕೈಪಿಡಿಯಲ್ಲಿ ಹೊಂದಾಣಿಕೆಯ ವಿಶೇಷ ಬಾರ್‌ಕೋಡುಗಳನ್ನು ಮುದ್ರಿಸಿರುತ್ತಾರೆ, ಬೇಕಾದುದನ್ನು ಸೂಚಿಸಿದ ಕ್ರಮದಲ್ಲಿ ಸ್ಕ್ಯಾನ್ ಮಾಡಿದರೆ ಸಾಕು. ಇವು ಮಾದರಿಯಿಂದ ಮಾದರಿಗೆ ಭಿನ್ನವಾದ್ದರಿಂದ ಆಯಾ ಸ್ಕ್ಯಾನರಿನ ಕೈಪಿಡಿಯನ್ನೇ ಬಳಸತಕ್ಕದ್ದು. ಬಳಿಕ ನೋಟ್‌ಪ್ಯಾಡ್ ತೆರೆದು 13 ಅಂಕಿಗಳ ಒಂದು ಸರಕನ್ನೂ 12 ಅಂಕಿಗಳ ಒಂದನ್ನೂ ಸ್ಕ್ಯಾನ್ ಮಾಡಿ, ಪರದೆಯಲ್ಲಿ ಮೂಡಿದ್ದು ತಾವು ನಿಶ್ಚಯಿಸಿದ ರೂಪದಲ್ಲೇ ಇದೆಯೇ ಎಂದು ಪರಿಶೀಲಿಸಬೇಕು.

ಸಂಸ್ಥೆಯ ಎಲ್ಲ ಸ್ಕ್ಯಾನರುಗಳಿಗೂ ಒಂದೇ ರೂಪವನ್ನು ನಿಗದಿಪಡಿಸಿ, ಆ ಹೊಂದಾಣಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಕೌಂಟರಿನ ಬಳಿ ಇರಿಸುವುದು ಉತ್ತಮ. ಹೊಸ ಸ್ಕ್ಯಾನರ್ ಕೊಂಡಾಗ ಅಥವಾ ಹಳೆಯದು ಕಾರ್ಖಾನೆಯ ಮೂಲಸ್ಥಿತಿಗೆ ಮರಳಿದಾಗ, ಮೊದಲ ಬಿಲ್ಲಿಗೆ ಮುನ್ನ ಆ ಹಾಳೆಯಂತೆ ಹೊಂದಿಸತಕ್ಕದ್ದು.