ದೇಶಗಳ ಮುಯ್ಯಾಳು

ನಾವು ಮುಯ್ಯಾಳು ಹೋಗ್ತೇವೆ. ಇಂದು ಅವರ ಗದ್ದೆಗೆ ನಾವು. ನಾಳೆ ನಮ್ಮ ಗದ್ದೆಗೆ ಅವರು. ದೇಶಗಳೂ ಹೀಗೆ ಮಾಡ್ತವೆಯೇ? ಹೌದು, ಮಾಡ್ತವೆ.

1945ರಲ್ಲಿ ಎರಡನೇ ಮಹಾಯುದ್ಧ ಮುಗಿಯಿತು. ಯುರೋಪಿನ ಅನೇಕ ಊರುಗಳು ಹಾಳಾಗಿದ್ದವು. ಜನರ ಮನಸ್ಸೂ ಒಡೆದಿತ್ತು.

1948ರ ಜನವರಿಯಲ್ಲಿ 10 ದೇಶದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸೇರಿದರು. ಮಕ್ಕಳು ಕಸುಬು ಕಲಿಯಲಿ, ಒಬ್ಬರನ್ನೊಬ್ಬರು ಅರಿಯಲಿ ಎಂದು ಸಂಘ ಕಟ್ಟಿದರು. ಅದರ ಹೆಸರು ಐಯೆಸ್ಟೆ.

ಇಂಜಿನಿಯರಿಂಗ್, ವಿಜ್ಞಾನ ಓದುವವರನ್ನು ಈ ಸಂಘ ಬೇರೆ ದೇಶಕ್ಕೆ ಕಳಿಸುತ್ತೆ. ಅವರು ಅಲ್ಲಿ ಕೆಲಸ ಮಾಡುತ್ತಾ ಕಲಿಯುತ್ತಾರೆ. ಊಟ, ವಸತಿಯ ಖರ್ಚಿಗೆ ಕೆಲಸ ಕೊಟ್ಟವರೇ ಹಣ ಕೊಡ್ತಾರೆ. ಆ ದೇಶದ ಮಕ್ಕಳು ಇಲ್ಲಿಗೂ ಬರ್ತಾರೆ. ನಮ್ಮ ಮಣಿಪಾಲದ ಮಕ್ಕಳೂ ಹೀಗೆ ಹೋಗಿ ಬಂದಿದ್ದಾರೆ.

ಜೊತೆಗೆ ದುಡಿದರೆ ಕೆಲಸ ಕೈಗೆ ಹತ್ತುತ್ತೆ. ಮನಸ್ಸಿನ ಹಗೆಯೂ ಕರಗುತ್ತೆ. ನಾವೂ ಕೂಡಿ ಕಲಿಯೋಣ.