ಹಿಂಗಾರಿಯ ಕುಸುಬಿ: ಬಿತ್ತುವ ದಿನದ ವಿಚಾರ

ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಎರೆಹೊಲಗಳಲ್ಲಿ ಬಿಳಿಜೋಳದ ಸುತ್ತ ಕುಸುಬಿಯ ಸಾಲು ಹಿಂದೆ ಇದ್ದೇ ಇರುತ್ತಿತ್ತು. ಮುಳ್ಳಿಗೆ ಅಂಜಿ ದನಗಳು ಒಳಗೆ ನುಗ್ಗುತ್ತಿರಲಿಲ್ಲ. ಮನೆಯ ಒಗ್ಗರಣೆಗೆ ಎಣ್ಣೆಯೂ ಆಗುತ್ತಿತ್ತು. ಈಗ ಆ ಸಾಲುಗಳು ವಿರಳವಾಗಿವೆ. ಪರದೇಶದ ತಾಳೆ ಎಣ್ಣೆ ಅಗ್ಗವಾಗಿ ಬಂದುದು ಒಂದು ಕಾರಣ, ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗದಿರುವುದು ಇನ್ನೊಂದು. ಬಿತ್ತಿದವರಲ್ಲಿಯೂ ಕೆಲವರು ಕುಸುಬಿ ಕೈಕೊಟ್ಟಿತೆಂದು ಹೇಳುವುದುಂಟು. ಆ ತಪ್ಪು ಬಹುಮಟ್ಟಿಗೆ ಬಿತ್ತಿದ ದಿನದ್ದು, ಬೆಳೆಯದಲ್ಲ.

ಕುಸುಬಿಯು ಸೂರ್ಯಕಾಂತಿ, ಸೇವಂತಿಗೆ, ಗುರೆಳ್ಳುಗಳ ಕುಟುಂಬಕ್ಕೆ ಸೇರಿದ್ದು. ನಾವು ಹೂವೆನ್ನುವ ಹಳದಿ ಗೊಂಡೆಯು ನಿಜವಾಗಿ ಅನೇಕ ಸಣ್ಣ ಹೂಗಳ ಗುಂಪು. ಬಾಡುತ್ತ ಬಂದಂತೆ ಕೆಂಪೇರುತ್ತದೆ. ಗಿಡದ ಬಲವೆಲ್ಲ ತಾಯಿಬೇರಿನಲ್ಲಿದೆ. ಆಳವಾದ ಎರೆಯಲ್ಲಿ ಅದು ಆರಡಿಗೂ ಕೆಳಗೆ ಇಳಿದು ಅಲ್ಲಿಯ ಹಸಿಯನ್ನು ಹೀರುವುದು. ತೆಳುಮಣ್ಣಿನ ಮರಡಿಯಲ್ಲಿ ಈ ಬೆಳೆಯ ಆಸೆ ಬೇಡ.

ಬಿತ್ತಿಗೆಗೆ ತಕ್ಕ ಕಾಲವೆಂದರೆ ಉತ್ತರಿ ಮಳೆಯ ಕೊನೆಯಿಂದ ಹಸ್ತ ಮಳೆ ಮುಗಿಯುವವರೆಗೆ, ಅಂದರೆ ಸಪ್ಟೆಂಬರ ಕೊನೆಯ ವಾರದಿಂದ ಅಕ್ಟೋಬರ 10ರ ಒಳಗೆ. ತಡಮಾಡಿದರೆ ಹಾನಿ ಎರಡು ಬಗೆ. ಮೇಲಿನ ಹಸಿ ಆರಿ, ಬೇರು ಕೆಳಗಿನ ಹಸಿಯನ್ನು ಮುಟ್ಟುವ ಮೊದಲೇ ಸಸಿ ಬಾಡುವುದು. ಅದಕ್ಕಿಂತ ದೊಡ್ಡ ಹಾನಿ ಕರಿ ಹೇನಿನದು. ಡಿಸೆಂಬರ, ಜನವರಿಯ ಚಳಿಯಲ್ಲಿ, ಮೋಡ ಕವಿದಾಗ ಅದು ಹೆಚ್ಚುವುದು. ವೇಳೆಗೆ ಬಿತ್ತಿದ ಗಿಡ ಅಷ್ಟರಲ್ಲಿ ಬಲಿತಿರುವುದು. ತಡವಾಗಿ ಬಿತ್ತಿದ್ದು ಎಳೆಯದಿದ್ದು ರಸವನ್ನೆಲ್ಲ ಹೇನಿಗೆ ಒಪ್ಪಿಸುವುದು. ಹಾಗಾದರೆ ಇನ್ನೂ ಮುಂಚೆ ಬಿತ್ತಬಾರದೆ? ಬಾರದು. ಮಳೆ ಜೋರಿರುವಾಗ ಬಿತ್ತಿದರೆ ನೀರು ನಿಂತು ಬೇರು ಕೊಳೆಯುತ್ತದೆ, ಎಲೆಚುಕ್ಕೆ ರೋಗ ಬೀಳುತ್ತದೆ.

ಎಕರೆಗೆ 4 ಕಿಲೋ ಬೀಜ ಸಾಕು. ಕಿಲೋಕ್ಕೆ 3 ಗ್ರಾಂ ಥೈರಮ್ ಹಚ್ಚಿ, ಕೂರಿಗೆಯಿಂದ ಮೂರು ಬೆರಳಿನ ಆಳಕ್ಕೆ ಬಿತ್ತಬೇಕು. ಸಾಲಿನಿಂದ ಸಾಲಿಗೆ ಒಂದು ಮೊಳ, ಗಿಡದಿಂದ ಗಿಡಕ್ಕೆ ಒಂದು ಗೇಣು. ಸಸಿ ಎದ್ದು ಹತ್ತು ಹದಿನೈದು ದಿನಕ್ಕೆ ಹೆಚ್ಚಿನವನ್ನು ಕಿತ್ತುಹಾಕಲೇಬೇಕು. ಹುಟ್ಟಿದ ಸಸಿಯನ್ನು ಕೀಳಲು ಒಕ್ಕಲಿಗನ ಕೈ ಬರುವುದಿಲ್ಲ, ಅದು ಸಹಜ. ಆದರೆ ಒತ್ತಾಗಿ ನಿಂತ ಗಿಡ ಕವಲೊಡೆಯದು, ಕವಲಿಲ್ಲದೆ ಗೊಂಡೆಯಿಲ್ಲ. ಕಿತ್ತ ಸೊಪ್ಪು ಹಾಳಾಗುವುದೂ ಇಲ್ಲ, ರೊಟ್ಟಿಯೊಡನೆ ಪಲ್ಯಕ್ಕಾಯಿತು.

ಮೊದಲ ತಿಂಗಳು ಗಿಡ ನೆಲಕ್ಕೆ ಎಲೆ ಹಾಸಿಕೊಂಡು ಕುಳಿತಿರುತ್ತದೆ. ಬೆಳೆ ಸತ್ತಿತೆಂದು ಹೆದರಬೇಡಿರಿ. ಒಳಗೆ ಬೇರು ಇಳಿಯುತ್ತಿರುತ್ತದೆ. ಕಸ ಮೇಲೇಳುವುದೂ ಆಗಲೇ. ಎರಡು ಸಲ ಎಡೆ ಹೊಡೆದರೆ ಕಸ ಸಾಯುವುದು, ಎರೆಯ ಬಿರುಕು ಮುಚ್ಚಿ ಹಸಿಯೂ ಉಳಿಯುವುದು. ಬಾವಿಯ ನೀರಿದ್ದವರು ಬಿರುಕು ಬಿಡುವ ಮೊದಲೇ ಹಗುರಾಗಿ ಒಮ್ಮೆ ಹಾಯಿಸಬಹುದು. ಬಿರುಕು ಬಿಟ್ಟ ಮೇಲೆ ಹಾಯಿಸಿದರೆ ನೀರು ಬುಡದಲ್ಲಿ ಇಳಿದುನಿಂತು, ಹಸಿರಾಗಿದ್ದ ಗಿಡವೇ ಸೊರಗುತ್ತದೆ. ಸೊರಗು ರೋಗದ ಬೀಜ ಮಣ್ಣಿನಲ್ಲಿಯೇ ಉಳಿಯುವುದರಿಂದ ವರ್ಷವರ್ಷವೂ ಅದೇ ಹೊಲಕ್ಕೆ ಕುಸುಬಿ ಹಾಕಬಾರದು.

ಹೇನು ಮೊದಲು ಬದುವಿನ ಬದಿಯ ಗಿಡಗಳ ತುದಿಗೆ ಹತ್ತುವುದು. ಆ ತುದಿಗಳನ್ನು ಮುರಿದು ಸುಟ್ಟರೆ ಅರ್ಧ ಕೆಲಸವಾದಂತೆ. ಗುಲಗಂಜಿ ಹುಳು ಕಂಡರೆ ಬಿಡಿರಿ, ಅದು ಹೇನನ್ನು ತಿನ್ನುವುದು. ಹೆಚ್ಚಾದಲ್ಲಿ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು. ಹೂವಿನ ಕಾಲದಲ್ಲಿ ವಿಷದೌಷಧ ಹೊಡೆದರೆ ಜೇನುಹುಳುಗಳೂ ಸಾಯುವುವು.

ಸುಮಾರು ನಾಲ್ಕು ತಿಂಗಳಿಗೆ ಎಲೆ ಒಣಗಿ ಬೆಳೆ ಕೊಯ್ಲಿಗೆ ಬರುತ್ತದೆ. ಇಬ್ಬನಿ ಆರುವ ಮೊದಲು, ಮುಳ್ಳು ಮೆತ್ತಗಿರುವಾಗ, ಕೈಕಾಲಿಗೆ ಅರಿವೆ ಸುತ್ತಿಕೊಂಡು ಕೊಯ್ಯುವುದು ಹಿರಿಯರ ರೀತಿ. ಇಂದು ಗೋದಿ ಕೊಯ್ಯುವ ಯಂತ್ರದಿಂದಲೇ ಕುಸುಬಿಯನ್ನೂ ಕೊಯ್ದು ಒಕ್ಕಬಹುದಾಗಿದೆ. ನಾಲ್ಕಾರು ಹೊಲದವರು ಕೂಡಿ ಒಂದೇ ವಾರದಲ್ಲಿ ಬಿತ್ತಿದ್ದರೆ ಬಾಡಿಗೆ ಯಂತ್ರ ತರಿಸುವುದು ಸುಲಭ. ಅಣ್ಣಿಗೇರಿ-1, ಭೀಮಾ ತಳಿಗಳಿಗೆ ಮುಳ್ಳುಂಟು. ಫಲಟಣದ ನಿಂಬಕರ ಸಂಸ್ಥೆಯ ನಾರಿ-6 ತಳಿಗೆ ಮುಳ್ಳಿಲ್ಲ. ಎಸಳು ಕೀಳುವವರಿಗೆ ಅನುಕೂಲ. ಆದರೆ ಅದು ಬೇಲಿಯಾಗದು, ಅದನ್ನೇ ಕಾಯಬೇಕಾದೀತು!

ಒಳ್ಳೆಯ ಎರೆಯಲ್ಲಿ ಮಳೆಯಾಶ್ರಯದಲ್ಲಿಯೇ ಎಕರೆಗೆ ನಾಲ್ಕು ಕ್ವಿಂಟಲ್ ತೆಗೆಯಬಹುದು. ಬೀಜದಲ್ಲಿ ಎಣ್ಣೆ ನೂರಕ್ಕೆ 30ರ ಸುಮಾರು. ಎಲ್ಲವನ್ನೂ ಗಾಣಕ್ಕೆ ಹಾಕದೆ ಎರಡು ಸೇರು ಮನೆಯಲ್ಲಿಡಿರಿ. ನೆನೆಸಿ ರುಬ್ಬಿ ಹಾಲು ತೆಗೆದು ಗೋದಿ, ಬೆಲ್ಲದೊಡನೆ ಕುದಿಸಿದರೆ ಕುಸುಬಿ ಹುಗ್ಗಿಯಾಗುತ್ತದೆ.